ಗಾಲಿಕುರ್ಚಿಯ ಹೆಣ, ಕಿಟಕಿಯಿಂದ ಬಂದ ಅತಿಥಿ

ಅಗಾಥಾ ಕ್ರಿಸ್ಟಿಯ ನಾಟಕ ಅಂದ ತಕ್ಷಣ ಎಲ್ಲರ ಬಾಯಿಗೂ ಬರುವುದು ‘ದಿ ಮೌಸ್‌ಟ್ರ್ಯಾಪ್’. 1952ರಿಂದ ಲಂಡನ್ನಿನಲ್ಲಿ ಓಡುತ್ತಿರುವ ನಾಟಕ. 2020ರಲ್ಲಿ ಕೊರೊನಾ ಬಂದಾಗ ನಿಂತಿತು, ಮುಂದಿನ ವರ್ಷ ಮತ್ತೆ ಶುರುವಾಯಿತು. ಆ ದಾಖಲೆಯ ಮುಂದೆ ಕ್ರಿಸ್ಟಿ ಬರೆದ ಬೇರೆ ನಾಟಕಗಳನ್ನು ಯಾರೂ ಕೇಳುವುದೇ ಇಲ್ಲ. ನನ್ನನ್ನು ಕೇಳಿದರೆ, ಮೌಸ್‌ಟ್ರ್ಯಾಪ್ ಒಂದು ಜಾಣ ಆಟ ಅಷ್ಟೇ. ಕ್ರಿಸ್ಟಿ ಬರೆದ ನಿಜವಾದ ರಂಗನಾಟಕ ಬೇರೆ ಇದೆ. 1958ರ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’. ತಮಾಷೆ ಅಂದರೆ, ನಮ್ಮಲ್ಲಿ ಬಹಳ ಜನ ಇದರ ಹೆಸರೂ ಕೇಳದೆ ಇದರ ನೆರಳನ್ನು ನೋಡಿಬಿಟ್ಟಿದ್ದಾರೆ. ಒಮ್ಮೆ ಹಿಂದಿಯಲ್ಲಿ, ಒಮ್ಮೆ ಕನ್ನಡದಲ್ಲಿ.

ಮುಂದೆ ಓದುವ ಮೊದಲು ಒಂದು ಮಾತು. ನಾಟಕದಲ್ಲಿ ಕೊಲೆ ಮಾಡಿದವರು ಯಾರು ಅಂತ ಈ ಬರಹದಲ್ಲಿ ಹೇಳಿಯೇ ಹೇಳುತ್ತೇನೆ. ಹೇಳದೆ ಇದರ ಬಗ್ಗೆ ಮಾತಾಡುವುದಕ್ಕೆ ಆಗುವುದೇ ಇಲ್ಲ. ನಾಟಕ ಓದಬೇಕು ಅಂತ ಆಸೆ ಇರುವವರು ಇಲ್ಲಿಗೆ ನಿಲ್ಲಿಸಿ, ಓದಿ ಬನ್ನಿ. ಎರಡು ಗಂಟೆಯ ಕೆಲಸ.

1958 ಕ್ರಿಸ್ಟಿಗೆ ಒಳ್ಳೆಯ ವರ್ಷವಾಗಿ ಶುರುವಾಗಲಿಲ್ಲ. ಮೇ ತಿಂಗಳಲ್ಲಿ ಅವರ ‘ವರ್ಡಿಕ್ಟ್’ ನಾಟಕ ಲಂಡನ್ನಿನಲ್ಲಿ ತೆರೆ ಕಂಡಿತು. ಮೊದಲ ಪ್ರದರ್ಶನದ ದಿನವೇ ಎಡವಟ್ಟು. ಕೊನೆಯ ದೃಶ್ಯದಲ್ಲಿ ಒಬ್ಬಳು ವಾಪಸ್ ಬರಬೇಕು, ಅವಳು ಬರುವ ಮೊದಲೇ ಪರದೆ ಬಿತ್ತು. ನಾಟಕದ ಅರ್ಥವೇ ಉಲ್ಟಾ ಆಯಿತು. ಜನ ಗೇಲಿ ಮಾಡಿದರು, ವಿಮರ್ಶಕರು ಬಿಡಲಿಲ್ಲ. ನಾಟಕ ಹೆಚ್ಚು ದಿನ ಉಳಿಯಲಿಲ್ಲ. ಬೇರೆಯವರಾಗಿದ್ದರೆ ಒಂದು ವರ್ಷ ಮನೆಯಿಂದ ಹೊರಗೆ ಬರುತ್ತಿರಲಿಲ್ಲವೇನೋ. ಆಗ ಕ್ರಿಸ್ಟಿಗೆ 67 ವರ್ಷ. ಅದೇ ವರ್ಷ ಆಗಸ್ಟ್ 12ಕ್ಕೆ ಲಂಡನ್ನಿನ ಡಚೆಸ್ ಥಿಯೇಟರಿನಲ್ಲಿ ಹೊಸ ನಾಟಕ ರೆಡಿ. ನಿರ್ಮಾಪಕ ಮೌಸ್‌ಟ್ರ್ಯಾಪ್‌ನ ಪೀಟರ್ ಸಾಂಡರ್ಸ್, ನಿರ್ದೇಶಕ ಹ್ಯೂಬರ್ಟ್ ಗ್ರೆಗ್. 604 ಪ್ರದರ್ಶನ ಕಂಡಿತು. ಇದು ಯಾವ ಕಾದಂಬರಿಯನ್ನೂ ಆಧರಿಸಿದ್ದಲ್ಲ, ನೇರವಾಗಿ ರಂಗಕ್ಕಾಗಿಯೇ ಬರೆದದ್ದು. ಹಾಗಾಗಿ ಟಿಕೆಟ್ ತಗೊಂಡು ಕೂತವರಲ್ಲಿ ಒಬ್ಬರಿಗೂ ಉತ್ತರ ಮೊದಲೇ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಇದರಲ್ಲಿ ಕ್ರಿಸ್ಟಿಯ ಹೆಸರಾಂತ ಪತ್ತೇದಾರರಾದ ಪೊಯ್ರೊ ಇಲ್ಲ, ಮಿಸ್ ಮಾರ್ಪಲ್ ಇಲ್ಲ. ತಮ್ಮ ಕಾದಂಬರಿಗಳನ್ನು ತಾವೇ ನಾಟಕ ಮಾಡುವಾಗ ಕ್ರಿಸ್ಟಿ ಪೊಯ್ರೊನನ್ನು ಎತ್ತಿ ಹೊರಗೆ ಹಾಕುತ್ತಿದ್ದರು. ಅವನು ವೇದಿಕೆಗೆ ಬಂದರೆ ಎಲ್ಲರ ಕಣ್ಣೂ ಅವನ ಮೀಸೆ ಮೇಲೇ, ಬೇರೆ ಪಾತ್ರಗಳು ಗೋಡೆಗೆ ಅಂಟಿಕೊಂಡ ಚಿತ್ರಗಳಾಗಿಬಿಡುತ್ತವೆ. ಇಲ್ಲಿ ಇರುವುದು ಇನ್ಸ್‌ಪೆಕ್ಟರ್ ಥಾಮಸ್ ಅನ್ನುವ ಕೊಂಕು ಮಾತಿನ ಪೊಲೀಸು, ಮತ್ತು ಕೊಲೆ ತನಿಖೆಯ ಮಧ್ಯೆ ಕವಿತೆಯ ಸಾಲು ಹೇಳುವ ಕ್ಯಾಡ್‌ವಾಲಡರ್ ಅನ್ನುವ ವೆಲ್ಷ್ ಸಾರ್ಜೆಂಟು. ಇಬ್ಬರೂ ಏನನ್ನೂ ಕಂಡುಹಿಡಿಯುವುದಿಲ್ಲ. ಅದು ಮುಖ್ಯ, ನೆನಪಿಟ್ಟುಕೊಳ್ಳಿ.

ಈಗ ಮೊದಲ ದೃಶ್ಯಕ್ಕೆ ಬರೋಣ. ಸೌತ್ ವೇಲ್ಸ್, ಬ್ರಿಸ್ಟಲ್ ಚಾನೆಲ್ ಹತ್ತಿರ ಒಂದು ದೊಡ್ಡ ಮನೆ. ನವೆಂಬರ್ ರಾತ್ರಿ, ದಟ್ಟ ಮಂಜು. ಹಡಗುಗಳಿಗೆ ಎಚ್ಚರಿಕೆ ಕೊಡುವ ಫಾಗ್‌ಹಾರ್ನ್ ದೂರದಲ್ಲಿ ಬಿಟ್ಟು ಬಿಟ್ಟು ಕೂಗುತ್ತಿದೆ. ವೇದಿಕೆ ಪೂರ್ತಿ ಕತ್ತಲು. ಕಾರಿನ ಬೆಳಕು ಒಂದು ಸಲ ಕಿಟಕಿಯ ಮೇಲೆ ಹಾದು ಹೋಗುತ್ತದೆ. ಆಮೇಲೆ ಯಾರೋ ಬಾಗಿಲು ತಟ್ಟುತ್ತಾರೆ. ಅದು ಬ್ರಿಟಿಷ್ ನಾಟಕಗಳಲ್ಲಿ ಇದ್ದೇ ಇರುವ, ತೋಟಕ್ಕೆ ತೆರೆಯುವ, ಬಾಗಿಲಿನಷ್ಟು ಎತ್ತರದ ಕಿಟಕಿ. ಒಳಗೆ ಬಂದವನು ಮೈಕೆಲ್ ಸ್ಟಾರ್ಕ್‌ವೆಡರ್. ಅವನ ಕಾರು ಹಳ್ಳಕ್ಕೆ ಇಳಿದಿದೆ, ಸಹಾಯ ಬೇಕು. ಗಾಲಿಕುರ್ಚಿಯಲ್ಲಿ ಯಾರೋ ಕೂತಿದ್ದಾರೆ. ಮಾತಾಡಿಸುತ್ತಾನೆ. ಉತ್ತರ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಗುಂಡೇಟು ತಿಂದ ಹೆಣ. ಟಾರ್ಚಿನ ಬೆಳಕನ್ನು ಆ ಕಡೆ ತಿರುಗಿಸಿದರೆ ಮೂಲೆಯಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಪಿಸ್ತೂಲು. ಸತ್ತವನ ಹೆಂಡತಿ, ಲಾರಾ ವಾರ್ವಿಕ್. ನಾನೇ ಕೊಂದೆ ಅನ್ನುತ್ತಾಳೆ.

ಮುಂದಿನ ಅರ್ಧ ಗಂಟೆ ಈ ಇಬ್ಬರದ್ದೇ, ಜೊತೆಗೆ ಆ ಹೆಣ. ನನ್ನ ಪ್ರಕಾರ ಕ್ರಿಸ್ಟಿ ರಂಗಕ್ಕೆ ಬರೆದ ದೃಶ್ಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಪೊಲೀಸರಿಗೆ ಫೋನ್ ಮಾಡಬೇಕಾದ ಮನುಷ್ಯ ಮಾಡುವುದಿಲ್ಲ. ಕೂತು ಕೇಳುತ್ತಾನೆ: ಯಾಕೆ ಕೊಂದಿರಿ? ಇವನು ಎಂಥವನಾಗಿದ್ದ? ಲಾರಾ ಹೇಳುತ್ತಾ ಹೋಗುತ್ತಾಳೆ. ರಿಚರ್ಡ್ ವಾರ್ವಿಕ್ ದೊಡ್ಡ ಬೇಟೆಗಾರ. ಆಫ್ರಿಕಾದಲ್ಲಿ ಸಿಂಹ ಮೇಲೆ ಬಿದ್ದು ಕಾಲು ಹೋಯಿತು. ಅಲ್ಲಿಂದ ಈ ಕುರ್ಚಿ, ಈ ಕಿಟಕಿ. ಹಾದು ಹೋಗುವ ಬೆಕ್ಕು, ಹಕ್ಕಿಗಳ ಮೇಲೆಲ್ಲ ಗುಂಡು ಹಾರಿಸುವ ಖಯಾಲಿ. ಮನೆಗೆ ಬಂದುಹೋಗುವವರನ್ನೂ ಹೆದರಿಸಲು ಅಕ್ಕಪಕ್ಕ ಗುಂಡು ಹಾರಿಸುತ್ತಿದ್ದ. ಎರಡು ವರ್ಷದ ಹಿಂದೆ ನಾರ್ಫಕ್‌ನಲ್ಲಿ ಕುಡಿದು ಕಾರು ಓಡಿಸಿ ಒಂದು ಪುಟ್ಟ ಹುಡುಗನನ್ನು ಕೊಂದ. ಜೊತೆಗಿದ್ದ ನರ್ಸ್ ಅವನ ಪರವಾಗಿ ಸಾಕ್ಷಿ ಹೇಳಿದಳು. ಶಿಕ್ಷೆ ಆಗಲಿಲ್ಲ.

ಹಾಗಾದರೆ ಆ ಹುಡುಗನ ಅಪ್ಪನಿಗೆ ಇವನ ಮೇಲೆ ಸಿಟ್ಟು ಇರಬೇಕಲ್ಲ, ಅನ್ನುತ್ತಾನೆ ಅತಿಥಿ. ಹೆಸರೇನು ಅವನದು? ಲಾರಾ ನೆನಪು ಮಾಡಿಕೊಂಡು ಹೇಳುತ್ತಾಳೆ: ಮ್ಯಾಕ್‌ಗ್ರೆಗರ್. ಸರಿ, ಕೊಲೆ ಮಾಡಿದ್ದು ಮ್ಯಾಕ್‌ಗ್ರೆಗರ್ ಅಂತ ಮಾಡೋಣ. ಅತಿಥಿ ಕೆಲಸಕ್ಕೆ ಇಳಿಯುತ್ತಾನೆ. ಬೆರಳಚ್ಚು ಒರೆಸುತ್ತಾನೆ. ಪತ್ರಿಕೆಯಿಂದ ಅಕ್ಷರ ಕತ್ತರಿಸಿ ಕಾಗದಕ್ಕೆ ಅಂಟಿಸುತ್ತಾನೆ. ಮೇ 15ರ ಲೆಕ್ಕ ಚುಕ್ತಾ ಆಯಿತು ಅನ್ನುವ ಅರ್ಥದ ಒಂದು ಸಾಲು. ಆ ಕಾಗದವನ್ನು ಹೆಣದ ಮೇಲೆ ಇಡುತ್ತಾನೆ. ಲಾರಾಗೆ ಏನು ಹೇಳಬೇಕು, ಯಾವಾಗ ಕಿರುಚಬೇಕು, ಎಲ್ಲಾ ಕಲಿಸಿಕೊಡುತ್ತಾನೆ.

ಮೊದಲ ಸಲ ಓದುವಾಗ ಇದೆಲ್ಲ ಒಬ್ಬ ಒಳ್ಳೆಯ ಮನುಷ್ಯ ಕಷ್ಟದಲ್ಲಿರುವ ಹೆಣ್ಣಿಗೆ ಮಾಡುವ ಸಹಾಯ. ಎರಡನೇ ಸಲ ಓದಿದರೆ ಮೈ ಜುಂ ಅನ್ನುತ್ತದೆ. ಯಾಕೆಂದರೆ ಕೊನೆಗೆ ಗೊತ್ತಾಗುವುದು ಇಷ್ಟು: ಸ್ಟಾರ್ಕ್‌ವೆಡರೇ ಮ್ಯಾಕ್‌ಗ್ರೆಗರ್. ಅಲಾಸ್ಕಾದಲ್ಲಿ ಸತ್ತಿದ್ದಾನೆ ಅಂತ ಪೊಲೀಸರು ಫೈಲ್ ಮುಚ್ಚಿದ ಮನುಷ್ಯ. ಕೊಂದು ಹೊರಗೆ ಹೋಗಿ, ಅಪರಿಚಿತನ ಹಾಗೆ ಮತ್ತೆ ಒಳಗೆ ಬಂದಿದ್ದಾನೆ. ಅವನು ಕತ್ತರಿಸಿ ಅಂಟಿಸಿದ ಸುಳ್ಳು ಪತ್ರ ಇದೆಯಲ್ಲ, ಅದರ ಪ್ರತಿ ಅಕ್ಷರವೂ ನಿಜ. ಪ್ರೇಕ್ಷಕರ ಕಣ್ಣೆದುರಿಗೇ, ದೀಪ ಹಾಕಿಕೊಂಡು, ನಿಧಾನವಾಗಿ ತನ್ನ ತಪ್ಪೊಪ್ಪಿಗೆ ಬರೆದ. ನಾವೆಲ್ಲ ಅದನ್ನು ನಾಟಕದೊಳಗಿನ ನಾಟಕ ಅಂದುಕೊಂಡು ನೋಡಿದೆವು. ಸತ್ತ ಮಗನ ಅಪ್ಪನ ಹೆಸರನ್ನು ಬೇರೆಯವರ ಬಾಯಿಂದ ಹೇಳಿಸಿಕೊಂಡ ಆ ಕ್ಷಣದಲ್ಲಿ ಅವನಿಗೆ ಒಳಗೆ ಏನಾಗಿರಬೇಡ?

ಇದು ಸಾಧ್ಯವಾಗುವುದು ಒಂದೇ ಕಾರಣಕ್ಕೆ. ಆ ಮನೆಗೆ ನಾವು ಬಂದದ್ದೇ ಅವನ ಜೊತೆ. ಅವನ ಟಾರ್ಚಿನ ಬೆಳಕಿನಲ್ಲೇ ನಾವು ಹೆಣ ನೋಡಿದ್ದು. ಯಾರು ಯಾರೋ, ಏನು ಕತೆಯೋ ಅಂತ ಅವನು ಕೇಳಿದ ಪ್ರಶ್ನೆಗಳೆಲ್ಲ ನಮ್ಮವೇ. ಮನೆಯೊಳಗೆ ಇರುವವರ ಮೇಲೆಲ್ಲ ನಮಗೆ ಅನುಮಾನ. ಹೊರಗಿನಿಂದ ಬಂದವನ ಮೇಲೆ ಅನುಮಾನ ಪಟ್ಟರೆ ನಮ್ಮ ಮೇಲೆ ನಾವೇ ಅನುಮಾನ ಪಟ್ಟ ಹಾಗೆ. ಮೊದಲ ಪ್ರದರ್ಶನದಲ್ಲಿ ಈ ಪಾತ್ರ ಮಾಡಿದ್ದು ನೈಜೆಲ್ ಸ್ಟಾಕ್, ಲಾರಾ ಆಗಿದ್ದು ರೆನೀ ಆಶರ್‌ಸನ್. ಸ್ಟಾಕ್‌ನ ಫೋಟೊ ನೋಡಿ. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಕೊಡುವ ಮನುಷ್ಯನ ಮುಖ. ಮುಂದೆ ಟಿವಿಯಲ್ಲಿ ಶೆರ್ಲಾಕ್ ಹೋಮ್ಸ್‌ನ ಡಾಕ್ಟರ್ ವಾಟ್ಸನ್ ಆದದ್ದೂ ಇವರೇ. ಅಂಥ ಮುಖವನ್ನು ಯಾರು ಅನುಮಾನಿಸುತ್ತಾರೆ ಹೇಳಿ.

ಇನ್ನು ರಿಚರ್ಡ್ ವಾರ್ವಿಕ್. ಅವನು ಇಡೀ ನಾಟಕದಲ್ಲಿ ಒಂದು ಮಾತು ಆಡುವುದಿಲ್ಲ. ಪರದೆ ಏಳುವಾಗಲೇ ಸತ್ತಿದ್ದಾನೆ. ಒಬ್ಬ ನಟ ಮೊದಲ ದೃಶ್ಯ ಮುಗಿಯುವವರೆಗೂ ಕುರ್ಚಿಯಲ್ಲಿ ಅಲ್ಲಾಡದೆ ಕೂತಿರಬೇಕು, ಅಷ್ಟೇ ಅವನ ಕೆಲಸ. ಆದರೆ ಎಲ್ಲರೂ ಮಾತಾಡುವುದು ಅವನ ಬಗ್ಗೆಯೇ. ಹೆಂಡತಿ ಹೇಳುವ ರಿಚರ್ಡ್ ಒಬ್ಬ. ಅವನ ತಾಯಿ ಹೇಳುವ ರಿಚರ್ಡ್ ಬೇರೆ. ಅವಳಿಗೆ ಮಗನ ಗುಣ ಪೂರ್ತಿ ಗೊತ್ತು, ಆದರೂ ಒಂದು ಕಾಲಕ್ಕೆ ಅವನು ಧೈರ್ಯಶಾಲಿಯಾಗಿದ್ದ ಅನ್ನುವುದನ್ನು ಬಿಟ್ಟುಕೊಡುವುದಿಲ್ಲ. ಮನೆ ನೋಡಿಕೊಳ್ಳುವ ಮಿಸ್ ಬೆನೆಟ್, ಅವನ ಸೇವೆಗಿದ್ದ ಏಂಜೆಲ್, ಬುದ್ಧಿ ಬೆಳೆಯದ ತಮ್ಮ ಯಾನ್, ಒಬ್ಬೊಬ್ಬರೂ ಒಂದೊಂದು ತುಂಡು ಕೊಡುತ್ತಾರೆ. ಜೋಡಿಸಿಕೊಳ್ಳುವುದು ನಮ್ಮ ಕೆಲಸ. ಅವನು ನಿಜಕ್ಕೂ ಅಷ್ಟು ಕೆಟ್ಟವನಾಗಿದ್ದನಾ, ಅಥವಾ ಸತ್ತ ಮೇಲೆ ಎಲ್ಲರಿಗೂ ಅವನು ಕೆಟ್ಟವನಾಗುವುದು ಅನುಕೂಲವಾಯಿತಾ? ನಾಟಕ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹೆಣಕ್ಕೆ ವಕೀಲರಿಲ್ಲ.

ಸಿನಿಮಾಗೆ ಬಂದಾಗ ಮೊದಲು ಬದಲಾದದ್ದೇ ಇದು.

1973ರಲ್ಲಿ ಬಿ.ಆರ್. ಚೋಪ್ರಾ ಇದೇ ನಾಟಕವನ್ನು ಇಟ್ಟುಕೊಂಡು ‘ಧುಂದ್’ (ಅಂದರೆ ಮಂಜು) ಮಾಡಿದರು. ಚೋಪ್ರಾಗೆ ರಹಸ್ಯ, ಕೋರ್ಟು ಅಂದರೆ ಮೊದಲಿನಿಂದಲೂ ಪ್ರೀತಿ. 1960ರಲ್ಲೇ ಒಂದೂ ಹಾಡಿಲ್ಲದ ‘ಕಾನೂನ್’ ಮಾಡಿದ್ದರು. 1969ರಲ್ಲಿ ಅವರ ಬ್ಯಾನರಿನಲ್ಲೇ ತಮ್ಮ ಯಶ್ ಚೋಪ್ರಾ ‘ಇತ್ತೆಫಾಕ್’ ಮಾಡಿದರು, ಅದರಲ್ಲೂ ಹಾಡಿಲ್ಲ. ಅದರ ಮೂಲವೂ ಸುತ್ತಿ ಬಳಸಿ ಒಂದು ಬ್ರಿಟಿಷ್ ನಾಟಕವೇ. ಮಾಂಟಿ ಡಾಯ್ಲ್ ಬರೆದ ‘ಸೈನ್‌ಪೋಸ್ಟ್ ಟು ಮರ್ಡರ್’ ಮೊದಲು ಗುಜರಾತಿ ರಂಗಭೂಮಿಗೆ ಬಂದು, ಅಲ್ಲಿಂದ ಹಿಂದಿ ಸಿನಿಮಾಗೆ ಹೋಯಿತು. ಲಂಡನ್ನಿನ ವೆಸ್ಟ್ ಎಂಡ್‌ಗೂ ಬಾಂಬೆಗೂ ನಡುವೆ ಆ ಕಾಲದಲ್ಲಿ ಇಂಥ ಓಡಾಟ ಜಾಸ್ತಿಯೇ ಇತ್ತು. ಮನೆಯೊಂದೇ ಸೆಟ್, ಹತ್ತೇ ಪಾತ್ರ, ಕೊನೆಗೊಂದು ತಿರುವು. ನಿರ್ಮಾಪಕರಿಗೆ ಇನ್ನೇನು ಬೇಕು?

‘ಧುಂದ್’ನಲ್ಲಿ ಲಾರಾ ಜಾಗದಲ್ಲಿ ಜೀನತ್ ಅಮಾನ್. ಪ್ರಿಯಕರ ವಕೀಲ, ಸಂಜಯ್ ಖಾನ್. ಅತಿಥಿ ನವೀನ್ ನಿಶ್ಚಲ್. ಜೊತೆಗೆ ಅಶೋಕ್ ಕುಮಾರ್. ಇವರೆಲ್ಲ ಇದ್ದರೂ ಇವತ್ತಿಗೂ ಜನ ನೆನಪಿಟ್ಟುಕೊಂಡಿರುವುದು ಗಾಲಿಕುರ್ಚಿಯ ಗಂಡನನ್ನು. ಡ್ಯಾನಿ ಡೆನ್ಜೊಂಗ್ಪ. ಹೌದು, ಲಂಡನ್ನಿನಲ್ಲಿ ಮಾತೇ ಆಡದೆ ಕೂತಿದ್ದ ಹೆಣ ಬಾಂಬೆಗೆ ಬಂದಾಗ ಚಿತ್ರದ ಅತ್ಯುತ್ತಮ ಪಾತ್ರವಾಯಿತು. ಫ್ಲ್ಯಾಶ್‌ಬ್ಯಾಕ್ ಅನ್ನುವ ಸೌಲಭ್ಯ ಇರುವಾಗ ಸತ್ತವನ ಬಗ್ಗೆ ಸುಮ್ನೆ ಮಾತಾಡಿಕೊಂಡು ಕೂರುವ ತಾಳ್ಮೆ ಸಿನಿಮಾಗೆ ಎಲ್ಲಿದೆ? ಡ್ಯಾನಿ ಆಗಿನ್ನೂ ಹೊಸಬರು, ಪ್ರಾಯ ಬೇರೆ ಚಿಕ್ಕದು. ಆದರೂ ಆ ಕುರ್ಚಿಯಲ್ಲಿ ಕೂತು ಅರಚುವ ಆ ಮನುಷ್ಯನ ಮುಂದೆ ಉಳಿದವರೆಲ್ಲ ಸಪ್ಪೆ.

ಇದರಿಂದ ಸಿಕ್ಕಿದ್ದೂ ಇದೆ, ಹೋಗಿದ್ದೂ ಇದೆ. ಹೆಂಡತಿಯ ನರಕ ಕಣ್ಣಿಗೆ ಕಾಣಿಸಿತು. ನಾಟಕದಲ್ಲಿ ಲಾರಾಳ ಕಷ್ಟ ಬರೀ ಮಾತಿನಲ್ಲಿ ಇರುತ್ತದೆ, ಅವಳು ಸುಳ್ಳು ಹೇಳುತ್ತಿರಬಹುದು ಅನ್ನುವ ಅನುಮಾನ ಕೊನೆವರೆಗೂ ಹೋಗುವುದಿಲ್ಲ. ಸಿನಿಮಾದಲ್ಲಿ ಆ ಅನುಮಾನಕ್ಕೆ ಜಾಗವೇ ಇಲ್ಲ. ಕಣ್ಣಾರೆ ನೋಡಿದ ಮೇಲೆ ಇನ್ನೇನು? ಯಾರು ಕೊಂದರು ಅನ್ನುವ ಕುತೂಹಲ ಕಮ್ಮಿಯಾಗಿ, ಯಾರಾದರೂ ಸರಿ ಕೊಂದರಲ್ಲ, ಒಳ್ಳೆಯದಾಯಿತು ಅನ್ನುವ ಸಮಾಧಾನ ಜಾಸ್ತಿ ಆಗುತ್ತದೆ. ಜೊತೆಗೆ ಚೋಪ್ರಾ ಕೋರ್ಟನ್ನು ಬೇರೆ ತಂದರು. ಕೋರ್ಟಿಗೆ ಹೋದ ಕೂಡಲೇ ಆ ಒಂದೇ ಕೋಣೆಯ ಉಸಿರುಗಟ್ಟುವಿಕೆ ಹೊರಟುಹೋಗುತ್ತದೆ.

ಆದರೆ ಒಂದು ವಿಷಯದಲ್ಲಿ ಚೋಪ್ರಾ ಕ್ರಿಸ್ಟಿಯನ್ನೂ ಮೀರಿಸಿದರು. ಸಾಹಿರ್ ಲೂಧಿಯಾನ್ವಿ ಬರೆದ, ರವಿ ರಾಗ ಹಾಕಿದ, ಮಹೇಂದ್ರ ಕಪೂರ್ ಹಾಡಿದ ಶೀರ್ಷಿಕೆ ಗೀತೆ. ಮಂಜಿನಿಂದ ಬರುವುದು, ಮಂಜಿಗೇ ಹೋಗುವುದು, ಲೋಕದ ಎಲ್ಲದರ ಕತೆಯೂ ಇಷ್ಟೇ ಅನ್ನುವ ಭಾವ. ಕ್ರಿಸ್ಟಿಗೆ ಮಂಜು ಒಂದು ಅನುಕೂಲ ಅಷ್ಟೇ. ಕಾರು ಹಳ್ಳಕ್ಕೆ ಬೀಳಬೇಕು, ಯಾರೂ ಯಾರನ್ನೂ ನೋಡಿರಬಾರದು. ಸಾಹಿರ್ ಅದೇ ಮಂಜನ್ನು ತಗೊಂಡು ಬದುಕು ಸಾವಿನ ಮಾತು ಮಾಡಿದರು. ಕುತೂಹಲದ ವಿಷಯ ಏನಂದರೆ, ಆ ಹಾಡು ಒಂದು ರೀತಿಯಲ್ಲಿ ಕೊಲೆಗಾರ ಯಾರು ಅಂತಲೂ ಹೇಳಿಬಿಡುತ್ತದೆ. ಮಂಜಿನಿಂದ ಬಂದವನು ಯಾರು, ಮಂಜಿಗೆ ವಾಪಸ್ ಹೋಗುವವನು ಯಾರು? ಚಿತ್ರದ ಶುರುವಿನಲ್ಲೇ ಉತ್ತರ ಹಾಡಿ ತೋರಿಸಿದರೂ ಒಬ್ಬರಿಗೂ ಗೊತ್ತಾಗಲಿಲ್ಲ. ಪತ್ರಿಕೆಯ ಅಕ್ಷರ ಕತ್ತರಿಸಿದ ಮ್ಯಾಕ್‌ಗ್ರೆಗರ್‌ನ ಧೈರ್ಯವೇ ಇದೂ.

ನಮ್ಮ ಕನ್ನಡಕ್ಕೆ ಇದರ ನೆರಳು ಬಿದ್ದದ್ದು 1989ರಲ್ಲಿ, ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ ‘ತರ್ಕ’ದಲ್ಲಿ. ಶಂಕರ್ ನಾಗ್, ದೇವರಾಜ್, ವನಿತಾ ವಾಸು. ಹಾಡಿಲ್ಲ. 1989ರ ಕನ್ನಡದಲ್ಲಿ, ಶಂಕರ್ ನಾಗ್ ಇಟ್ಟುಕೊಂಡು, ಹಾಡಿಲ್ಲದ ಸಿನಿಮಾ! ಆ ಕಾಲದ ವಿತರಕರಿಗೆ ಇದನ್ನು ಹೇಗೆ ಒಪ್ಪಿಸಿದರೋ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಇದು ಕ್ರಿಸ್ಟಿಯ ನಾಟಕದ ಸಾಲು ಸಾಲು ಅನುಕರಣೆ ಅಲ್ಲ. ಒಂದು ಮನೆ, ಸತ್ತ ಗಂಡ, ಹೆದರಿದ ಹೆಂಡತಿ, ರಾತ್ರಿ ಹೊರಗಿನಿಂದ ಒಳಗೆ ಬಂದವನು, ಈ ಚೌಕಟ್ಟು ಅಲ್ಲಿಯದು. ಎಷ್ಟು ಕ್ರಿಸ್ಟಿ, ಎಷ್ಟು ‘ಧುಂದ್’, ಎಷ್ಟು ದೇಸಾಯಿ ಅಂತ ಗೆರೆ ಎಳೆಯುವುದು ಕಷ್ಟ, ಎಳೆಯುವ ಅಗತ್ಯವೂ ನನಗೆ ಕಾಣುವುದಿಲ್ಲ. ಮರುವರ್ಷವೇ ಇದು ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಯಿತು. ಕೆ.ಎಸ್. ರವಿಕುಮಾರ್ ಅವರ ಮೊದಲ ನಿರ್ದೇಶನ. ಅನುಮಾನದ ಗಂಡನಾಗಿ ರಘುವರನ್. ‘ಐ ನೋ, ಐ ನೋ’ ಅಂತ ಅವರು ಹೇಳುವ ಆ ತುಣುಕನ್ನು ಜನ ಇವತ್ತಿಗೂ ಮೊಬೈಲಿನಲ್ಲಿ ಹಂಚಿಕೊಳ್ಳುತ್ತಾರೆ. ನೋಡಿ, ಮತ್ತೆ ಗಂಡನೇ! ಕ್ರಿಸ್ಟಿ ಬಾಯಿ ಮುಚ್ಚಿಸಿ ಕೂರಿಸಿದವನು ಒಂದೊಂದು ಭಾಷೆಗೆ ಹೋದ ಹಾಗೂ ಇನ್ನಷ್ಟು ಮಾತಾಡಿದ.

‘ತರ್ಕ’ದಲ್ಲಿ ನನಗೆ ಜಾಸ್ತಿ ಆಸಕ್ತಿ ಇರುವುದು ಹೊರಗಿನಿಂದ ಬರುವವನ ಬಗ್ಗೆ. ಅವನು ಶಂಕರ್ ನಾಗ್. ಲಂಡನ್ನಿನಲ್ಲಿ ನೈಜೆಲ್ ಸ್ಟಾಕ್ ಮೇಲೆ ಅನುಮಾನ ಬರದ ಹಾಗೆ ಮಾಡಲು ಕ್ರಿಸ್ಟಿ ಒಂದೊಂದು ಮಾತನ್ನೂ ಅಳೆದು ಬರೆಯಬೇಕಾಯಿತು. ಇಲ್ಲಿ ಆ ಕಷ್ಟವೇ ಇಲ್ಲ. ಶಂಕರ್ ನಾಗ್ ಬಾಗಿಲು ತೆಗೆದು ಒಳಗೆ ಬಂದರೆ ಸಾಕು, ಥಿಯೇಟರ್ ಪೂರ್ತಿ ಅವನ ಕಡೆ. ಆಟೊ ಹಿಂದೆ ಫೋಟೊ ಅಂಟಿಸಿಕೊಂಡವರ ಊರು ಇದು. ನಂಬಿಕೆ ಟಿಕೆಟ್ ಜೊತೆಗೇ ಬಂದಿರುತ್ತದೆ. ಅಂಥ ನಂಬಿಕೆಯನ್ನು ಕೈಯಲ್ಲಿಟ್ಟುಕೊಂಡು ದೇಸಾಯಿ ಏನು ಮಾಡಿದರು ಅನ್ನುವುದನ್ನು ಹೇಳುವುದಿಲ್ಲ. ನಾಟಕದ ಗುಟ್ಟು ಹೇಳಿದ್ದೇನೆ, ಸಿನಿಮಾದ್ದು ನೀವೇ ನೋಡಿ. ಎರಡರ ಉತ್ತರವೂ ಒಂದೇ ಅಂತ ಮಾತ್ರ ಅಂದುಕೊಂಡು ಹೋಗಬೇಡಿ, ಬೇರೆ ಅಂತಲೂ ಅಂದುಕೊಳ್ಳಬೇಡಿ.

1999ರಲ್ಲಿ ಚಾರ್ಲ್ಸ್ ಆಸ್ಬರ್ನ್ ಅನ್ನುವವರು ನಾಟಕವನ್ನು ಕಾದಂಬರಿ ಮಾಡಿದರು. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಎದ್ದ, ಕಿಟಕಿಯ ಹತ್ತಿರ ಹೋದ, ತಿರುಗಿದ, ಸಿಗರೇಟು ಹಚ್ಚಿದ. ರಂಗಸೂಚನೆಗಳಿಗೆ ಕ್ರಿಯಾಪದ ಸೇರಿಸಿದ ಹಾಗಿದೆ. ಅಂಗಡಿಯಲ್ಲಿ ಸಿಗುವುದು ಬಹುತೇಕ ಅದೇ, ಹಾಗಾಗಿ ಎಚ್ಚರಿಕೆ. ನಾಟಕವಾಗಿಯೇ ಸಿಕ್ಕರೆ ಅದನ್ನು ಓದಿ.

ಈಗ ನನಗೆ ಈ ನಾಟಕದಲ್ಲಿ ನುಂಗಲಾರದ ಒಂದು ವಿಷಯ. ಯಾನ್. ರಿಚರ್ಡ್‌ನ ಮಲತಮ್ಮ, 19 ವರ್ಷ, ಬುದ್ಧಿ ಮಗುವಿನದು. ಅವನನ್ನು ಆಸ್ಪತ್ರೆಗೆ ಕಳಿಸಿಬಿಡುತ್ತೇನೆ ಅಂತ ರಿಚರ್ಡ್ ಹೆದರಿಸುತ್ತಿದ್ದ. ಅಣ್ಣ ಸತ್ತ ಮೇಲೆ ಯಾನ್‌ಗೆ ಎಲ್ಲಿಲ್ಲದ ಖುಷಿ, ಈಗ ಮನೆಗೆ ನಾನೇ ಯಜಮಾನ ಅನ್ನುವ ಹಾಗೆ ಓಡಾಡುತ್ತಾನೆ. ಕೊನೆಕೊನೆಗೆ ನಾನೇ ಕೊಂದೆ ಅಂತ ಜಂಬ ಕೊಚ್ಚಿಕೊಳ್ಳುತ್ತಾನೆ, ಬಂದೂಕು ಹಿಡಿದು ಹೊರಗೆ ಓಡುತ್ತಾನೆ, ಗದ್ದಲದಲ್ಲಿ ಗುಂಡು ಹಾರಿ ಸಾಯುತ್ತಾನೆ. ಪೊಲೀಸರಿಗೆ ಕೇಸು ಮುಗಿಯಿತು. ಮನೆಯವರಿಗೆ ದುಃಖ ಇದೆ, ಆದರೆ ಅದರ ಅಡಿಯಲ್ಲಿ ಒಂದು ನಿರಾಳವೂ ಇದೆ. ಯಾರದೂ ತಪ್ಪಲ್ಲ, ಪಾಪದ ಹುಡುಗ, ಮುಗಿಯಿತು.

ಆಮೇಲೆ ತಾನೇ ಮ್ಯಾಕ್‌ಗ್ರೆಗರ್ ಬಾಯಿ ಬಿಡುವುದು? ಅವನು ತನ್ನ ಮಗನ ಸಾವಿಗೆ ಸೇಡು ತೀರಿಸಿಕೊಳ್ಳಲು ಬಂದವನು. ಕುಡುಕನೊಬ್ಬನ ಕೈಯಲ್ಲಿ ಸತ್ತ ಏನೂ ಅರಿಯದ ಮಗು. ಆ ಲೆಕ್ಕ ಚುಕ್ತಾ ಮಾಡುವ ದಾರಿಯಲ್ಲಿ ಏನೂ ಅರಿಯದ ಇನ್ನೊಬ್ಬ ಹುಡುಗ ಹೋದ. ಕ್ರಿಸ್ಟಿ ಇದನ್ನು ಗಮನಿಸಿದ್ದರಾ? ನನಗೆ ಎರಡೂ ರೀತಿ ಅನ್ನಿಸಿದೆ. ಒಮ್ಮೊಮ್ಮೆ, ಐವತ್ತರ ದಶಕದ ಇಂಗ್ಲೆಂಡಿನಲ್ಲಿ ಯಾನ್‌ನಂಥವರು ಕತೆ ಮುಗಿಸಲು ಸಿಗುವ ಅಗ್ಗದ ದಾರಿ ಅಷ್ಟೇ ಆಗಿದ್ದರು ಅನ್ನಿಸುತ್ತದೆ. ಇನ್ನೊಮ್ಮೆ, ಮ್ಯಾಕ್‌ಗ್ರೆಗರ್ ಲಾರಾಳಿಗೆ ನಿಜ ಹೇಳಿ ಕಿಟಕಿಯಿಂದ ಹೊರಗೆ ಹೊರಟುಹೋಗುವುದನ್ನು ಓದುವಾಗ, ಗೆದ್ದವನ ನಡಿಗೆ ಅದಲ್ಲ ಅನ್ನಿಸುತ್ತದೆ. ಲಾರಾ ಅವನ ಕಡೆ ವಾಲಿದ್ದಾಳೆ, ಚುನಾವಣೆಗೆ ನಿಲ್ಲಲು ಹೊರಟ ಪ್ರಿಯಕರ ಜೂಲಿಯನ್‌ಗೆ ತನ್ನ ಹೆಸರಿನದೇ ಚಿಂತೆ ಅಂತ ಅವಳಿಗೆ ಅರ್ಥವಾಗಿದೆ. ಉಳಿಯಬಹುದಿತ್ತು. ಉಳಿಯುವುದಿಲ್ಲ.

ಇದನ್ನು ಕನ್ನಡದಲ್ಲಿ ವೇದಿಕೆಯ ಮೇಲೇ ನೋಡುವ ಆಸೆ ನನಗೆ. ಬೆಂಗಳೂರಿನಲ್ಲಿ ರಂಗಶಂಕರ ಇದೆ, ಶಂಕರ್ ನಾಗ್ ನೆನಪಿಗೇ ಕಟ್ಟಿದ್ದು, ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಊರು ಬದಲಾಯಿಸಬೇಡಿ, ವೇಲ್ಸ್ ವೇಲ್ಸೇ ಇರಲಿ. ಹೊಗೆ ಯಂತ್ರ ಸ್ವಲ್ಪ ಕಮ್ಮಿ, ಮುಂದಿನ ಸಾಲಿನವರು ಕೆಮ್ಮುವುದು ಬೇಡ. ಫ್ಲ್ಯಾಶ್‌ಬ್ಯಾಕ್ ಖಂಡಿತ ಬೇಡ. ಗಂಡನ ಪಾತ್ರಕ್ಕೆ ತಂಡದಲ್ಲಿ ಯಾರು ಜಾಸ್ತಿ ಮಾತಾಡುತ್ತಾರೋ ಅವರನ್ನೇ ಹಾಕಿ ಕೂರಿಸಿ. ಮತ್ತೆ ನಟರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಯಾನ್‌ನನ್ನು ಆರಿಸಿ, ಆಮೇಲೆ ಉಳಿದವರನ್ನು.